ರಿಟೈರ್ ಆದ ಮೇಲೆ ಚಾರ್ಲ್ಸ್ ಲ್ಯಾಂಬ್ ನಿಜಕ್ಕೂ ಹಾಯಾಗಿದ್ದನೇ?

ಪ್ರಶ್ನೆ: "ನಾನು ನಿಗಮವೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ನಾಲ್ಕು ತಿಂಗಳ ಹಿಂದೆ ರಿಟೈರ್ ಆದೆ. ಬಿ.ಎ. ಓದುವಾಗ ಚಾರ್ಲ್ಸ್ ಲ್ಯಾಂಬ್‌ನ ಒಂದು ಪ್ರಬಂಧ ಪಠ್ಯದಲ್ಲಿತ್ತು. ಆಫೀಸಿನಿಂದ ಬಿಡುಗಡೆಯಾದ ಗುಮಾಸ್ತನೊಬ್ಬ ಬೀದಿ ಸುತ್ತುತ್ತಾ, ಹಳೇ ಪುಸ್ತಕ ನೋಡುತ್ತಾ ಹಾಯಾಗಿರುವ ಪ್ರಬಂಧ. 'ರಿಟೈರ್ ಆದರೆ ಹೀಗಿರಬೇಕು' ಎಂದು ನಮ್ಮ ಮೇಷ್ಟ್ರು ಹೇಳಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈಗ ನೋಡಿದರೆ ನನಗೆ ಹಾಯೂ ಇಲ್ಲ, ಏನೂ ಇಲ್ಲ. ಬೆಳಿಗ್ಗೆ ಹತ್ತಾದರೆ ಚಡಪಡಿಕೆ ಶುರುವಾಗುತ್ತದೆ. ಒಮ್ಮೆ ಹಳೇ ಆಫೀಸಿಗೆ ಹೋದೆ. ಎಲ್ಲರೂ ಪ್ರೀತಿಯಿಂದ ಕಾಫಿ ಕೊಟ್ಟರು. ಆದರೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಮತ್ತೆ ಹೋಗಲು ಮನಸ್ಸಾಗಲಿಲ್ಲ. ಬರೆಯಬೇಕು ಅಂತ ಬಹಳ ವರ್ಷದ ಆಸೆ, ಒಂದು ಪುಟವೂ ಆಗಿಲ್ಲ. ಪರಿಚಯದ ಸಹಕಾರ ಸಂಘದವರು ಲೆಕ್ಕ ನೋಡಿಕೊಳ್ಳಲು ಕರೆಯುತ್ತಿದ್ದಾರೆ. ಮಗ 'ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬನ್ನಿ' ಅನ್ನುತ್ತಾನೆ. ಲ್ಯಾಂಬ್ ನಿಜಕ್ಕೂ ಅಷ್ಟು ಸುಖವಾಗಿದ್ದನೇ? ಅಥವಾ ನನ್ನಲ್ಲೇ ಏನಾದರೂ ಕೊರತೆಯೇ?" – ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೊರತೆ ಏನೂ ಇಲ್ಲ. ನೀವು ಅಳತೆಗೆ ಇಟ್ಟುಕೊಂಡ ಕೋಲು ಸರಿಯಿಲ್ಲ, ಅಷ್ಟೇ. ಆ ಪ್ರಬಂಧ ಒಬ್ಬ ಮನುಷ್ಯನ ನಿವೃತ್ತಿ ಜೀವನದ ಕತೆಯಲ್ಲ. ಮೊದಲ ಕೆಲವು ವಾರಗಳ ಕತೆ.

ಇದನ್ನು ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಇಪ್ಪತ್ತರ ಹುಡುಗರಿಗೆ ನಿವೃತ್ತಿಯ ಪ್ರಬಂಧವನ್ನು ಪಠ್ಯಕ್ಕಿಟ್ಟ ಪುಣ್ಯಾತ್ಮರು ಯಾರೋ! ಆಗ ಯಾರಿಗೂ ಅರ್ಥವಾಗುವುದಿಲ್ಲ. ನಲವತ್ತು ವರ್ಷ ಕಳೆದ ಮೇಲೆ ಅದೇ ಹುಡುಗರು ಫೋನ್ ಮಾಡುತ್ತಾರೆ, ಹೆಚ್ಚುಕಮ್ಮಿ ನೀವು ಕೇಳಿದ್ದನ್ನೇ ಕೇಳುತ್ತಾರೆ. ಹಾಗಾಗಿ ಇದು ನಿಮ್ಮೊಬ್ಬರ ಚಡಪಡಿಕೆ ಅಲ್ಲ.

ಲ್ಯಾಂಬ್ ಯಾರು ಅನ್ನುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಹುಟ್ಟಿದ್ದು 1775ರಲ್ಲಿ, ಲಂಡನ್ನಿನಲ್ಲಿ. 1792ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ಕಚೇರಿ ಸೇರಿದ. ನಮ್ಮ ಕಡೆ ಶ್ರೀರಂಗಪಟ್ಟಣದ ಒಪ್ಪಂದವಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಚಹಾ, ನೀಲಿ, ಔಷಧ ದ್ರವ್ಯಗಳ ಲೆಕ್ಕ ಬರೆಯುವುದು ಅವನ ಕೆಲಸ. 1808ರಿಂದ ಟಿಪ್ಪುವಿನ ಯಾಂತ್ರಿಕ ಹುಲಿಯನ್ನು ಜನ ನೋಡಲಿ ಎಂದು ಇಟ್ಟಿದ್ದು ಅದೇ ಕಟ್ಟಡದಲ್ಲಿ. ಲೆಡ್ಜರ್ ಬರೆಯುತ್ತಾ ಅದರ ಗರ್ಜನೆ ಅವನ ಕಿವಿಗೂ ಬಿದ್ದಿರಬಹುದು. ಇರಲಿ, ಇದು ಸುಮ್ನೆ ನೆನಪಾಯಿತು. 33 ವರ್ಷ ಅಲ್ಲೇ ಕೂತ. ನನ್ನ ನಿಜವಾದ ಕೃತಿಗಳು ಬೇಕಾದರೆ ಲೆಡನ್‌ಹಾಲ್ ಬೀದಿಯ ಆಫೀಸಿನ ಕಪಾಟಿನಲ್ಲಿವೆ, ದೊಡ್ಡ ದೊಡ್ಡ ನೂರಾರು ಸಂಪುಟ, ಹೋಗಿ ನೋಡಿ ಎಂದು ತನ್ನನ್ನೇ ತಮಾಷೆ ಮಾಡಿಕೊಂಡವನು ಅವನು.

1825ರ ಮಾರ್ಚ್ 29, ಮಂಗಳವಾರ ಅವನಿಗೆ ಬಿಡುಗಡೆಯಾಯಿತು. ಆಗ ಅವನಿಗೆ 50 ವರ್ಷ. ಆ ಚಳಿಗಾಲ ಪೂರ್ತಿ ಆರೋಗ್ಯ ಸರಿಯಿರಲಿಲ್ಲ. ಡಾಕ್ಟರ ಸರ್ಟಿಫಿಕೇಟ್ ಇಟ್ಟು ಅರ್ಜಿ ಹಾಕಿ, ನಿರ್ದೇಶಕರು ಏನನ್ನುತ್ತಾರೋ ಎಂದು ವಾರಗಟ್ಟಲೆ ಕಾದಿದ್ದ. ಕೊನೆಗೆ ವರ್ಷಕ್ಕೆ 450 ಪೌಂಡ್ ಪಿಂಚಣಿ ಮಂಜೂರಾಯಿತು. ಅದರಲ್ಲಿ 9 ಪೌಂಡ್ ಕಡಿತ. ತಾನು ಮೊದಲು ಸತ್ತರೆ ಅಕ್ಕ ಮೇರಿಗೆ ಹಣ ಬರುತ್ತಿರಲಿ ಎಂದು. ಲೆಕ್ಕದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕುಟುಂಬ ಪಿಂಚಣಿ ಅಂದರೆ ಇದೇ ಅಲ್ವಾ?

ಇನ್ನು ಈ ದಿನಾಂಕ ಗಮನಿಸಿ. ಬಿಡುಗಡೆ ಮಾರ್ಚ್ ಕೊನೆಗೆ. ಪ್ರಬಂಧ ಅಚ್ಚಾದದ್ದು ಮೇ ತಿಂಗಳ 'ಲಂಡನ್ ಮ್ಯಾಗಝೀನ್'ನಲ್ಲಿ. ಅಂದರೆ ಹಾರ, ಶಾಲಿನ ವಾಸನೆ ಹೋಗುವ ಮೊದಲೇ ಬರೆದದ್ದು. ಜೊತೆಗೆ ಅವನು ಹೆಸರು, ವಿವರ ಎಲ್ಲ ಬದಲಿಸಿದ. ಕಂಪನಿಯ ಜಾಗದಲ್ಲಿ ಒಂದು ಖಾಸಗಿ ವ್ಯಾಪಾರಿ ಸಂಸ್ಥೆ ಬಂತು, 33 ವರ್ಷ 36 ಆಯಿತು. ಅದು ಅವನ ಡೈರಿಯಲ್ಲ, ಕಲೆ ಸೇರಿಸಿ ಕಟ್ಟಿದ ಪ್ರಬಂಧ.

ಆ ಪ್ರಬಂಧದಲ್ಲೂ ನಿಮ್ಮ ಮೇಷ್ಟ್ರು ಹೇಳಿದಷ್ಟು ಹಾಯಿ ಇಲ್ಲ. ಪರೀಕ್ಷೆಗೆ ಓದುವಾಗ ನಾವೆಲ್ಲ ಕೊನೆಯ ಎರಡು ಪುಟ ನೆನಪಿಟ್ಟುಕೊಳ್ಳುತ್ತೇವೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಂಡ್ ಸ್ಟ್ರೀಟ್‌ನಲ್ಲಿ ಅಡ್ಡಾಡುವುದು, ಸೋಹೋದ ಹಳೇ ಪುಸ್ತಕದಂಗಡಿ, ಮಗ ಇದ್ದಿದ್ದರೆ 'ಏನೂ ಮಾಡಬೇಡ' ಎಂದೇ ಹೆಸರಿಡುತ್ತಿದ್ದೆ ಅನ್ನುವ ತಮಾಷೆ. ಮೊದಲ ಪುಟಗಳನ್ನು ಮತ್ತೆ ಓದಿ. ನೌಕರಿಯ ಕೊನೆಯ ವರ್ಷಗಳಲ್ಲಿ, ಲೆಕ್ಕದಲ್ಲಿ ತಪ್ಪು ನಮೂದು ಮಾಡಿದೆ ಎಂದು ಕನಸಾಗಿ ಬೆಚ್ಚಿ ಎದ್ದು ಕೂರುತ್ತಾನೆ. ಬಿಡುಗಡೆಯಾದ ಮೊದಲ ಒಂದೆರಡು ದಿನ ದಿಗ್ಭ್ರಮೆ. ನಲವತ್ತು ವರ್ಷ ಸೆರೆಯಲ್ಲಿದ್ದವನನ್ನು ಇದ್ದಕ್ಕಿದ್ದಂತೆ ಬೀದಿಗೆ ಬಿಟ್ಟ ಹಾಗೆ. ಸುಖವಾಗಿದ್ದೇನೆ ಅಂದುಕೊಂಡು ತಿರುಗಾಡಿದೆ, ಸುಖವಾಗಿಲ್ಲ ಅಂತ ಒಳಗೆ ಗೊತ್ತಿತ್ತು ಅನ್ನುತ್ತಾನೆ. ಇಷ್ಟೊಂದು ಸಮಯ ಕೈಗೆ ಬಂದಿದೆ, ಇದನ್ನು ನೋಡಿಕೊಳ್ಳಲು ಒಬ್ಬ ಕಾರುಬಾರಿ ಬೇಕಿತ್ತು ಅನ್ನುತ್ತಾನೆ. ಅಲ್ಲೇ ನಿಂತು ಓದುಗರಿಗೆ ನೇರವಾಗಿ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ದುಡಿಯುತ್ತಲೇ ವಯಸ್ಸಾದವರು ತಮ್ಮ ಹತ್ತಿರ ಬೇರೆ ಏನಿದೆ ಎಂದು ತೂಗಿ ನೋಡದೆ ರೂಢಿಯ ಕೆಲಸವನ್ನು ಒಮ್ಮೆಗೇ ಬಿಡಬೇಡಿ, ಅದರಲ್ಲಿ ಅಪಾಯವಿದೆ ಎಂದು. ಈ ಸಾಲನ್ನು ತರಗತಿಯಲ್ಲಿ ಯಾರೂ ಗೆರೆ ಎಳೆದು ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಕುರ್ಚಿಯ ವಿಷಯವೂ ಅಲ್ಲೇ ಇದೆ. ಅವನೂ ಹಳೇ ಆಫೀಸಿಗೆ ಹೋಗಿ ಬರುತ್ತಾನೆ. ಗೆಳೆಯರು ಚೆನ್ನಾಗಿಯೇ ಮಾತಾಡಿಸುತ್ತಾರೆ, ಹಳೇ ತಮಾಷೆಗಳನ್ನೇ ಹೇಳುತ್ತಾರೆ, ಆದರೆ ನಗು ಅಷ್ಟು ಬರುವುದಿಲ್ಲ. ತನ್ನ ಮೇಜು ಬೇರೆಯವರ ಪಾಲಾಗಿದೆ. ಹ್ಯಾಟ್ ನೇತುಹಾಕುತ್ತಿದ್ದ ಗೂಟ ಕೂಡ. ಹಾಗಾಗಲೇಬೇಕು ಅಂತ ಗೊತ್ತಿತ್ತು, ಆದರೂ ಮನಸ್ಸಿಗೆ ಹಿಡಿಸಲಿಲ್ಲ ಅನ್ನುತ್ತಾನೆ. ಗೂಟಕ್ಕೆ ನೊಂದುಕೊಂಡ ಮನುಷ್ಯ! ನೀವು ಕುರ್ಚಿಗೆ ನೊಂದುಕೊಂಡದ್ದು ಏನು ಮಹಾ?

ಈಗ ಮುಖ್ಯ ವಿಷಯ. ಲ್ಯಾಂಬ್‌ನ ಬದುಕಿನ ತಿಳಿವಳಿಕೆ ಪ್ರಬಂಧದಲ್ಲಿ ಅರ್ಧ ಇದೆ, ಉಳಿದರ್ಧ ಅವನ ಪತ್ರಗಳಲ್ಲಿದೆ. ಬರ್ನಾರ್ಡ್ ಬಾರ್ಟನ್ ಎಂಬ ಗೆಳೆಯನಿದ್ದ. ಬ್ಯಾಂಕಿನಲ್ಲಿ ಗುಮಾಸ್ತ, ಕವಿತೆ ಬರೆಯುವವನು. 1823ರಲ್ಲಿ ಈತ ಬ್ಯಾಂಕ್ ಬಿಟ್ಟು ಬರವಣಿಗೆಯಲ್ಲೇ ಬದುಕುವ ಯೋಚನೆ ಮಾಡಿದ. ಲ್ಯಾಂಬ್‌ಗೆ ಗಾಬರಿ. ಅದಕ್ಕಿಂತ ಬೆಟ್ಟದ ತುದಿಯಿಂದ ಕಬ್ಬಿಣದ ಮುಳ್ಳುಗಳ ಮೇಲೆ ಹಾರಿಕೊಳ್ಳುವುದು ವಾಸಿ ಎಂದು ಬರೆದ. ಬ್ಯಾಂಕನ್ನು ನೀನು ಹಿಡಿದುಕೋ, ಅದು ನಿನ್ನನ್ನು ಸಾಕುತ್ತದೆ ಎಂದ. ಆಫೀಸನ್ನು ದಿನಾ ಬೈಯುತ್ತಿದ್ದವನು ಇವನೇ ಅನ್ನುವುದು ನೆನಪಿರಲಿ.

ಅದೇ ಬಾರ್ಟನ್‌ಗೆ 1826ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪತ್ರ. ರಿಟೈರ್ ಆಗಿ ಒಂದೂವರೆ ವರ್ಷವಾಗಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಟ ಗ್ಯಾರಿಕ್ ಬಿಟ್ಟುಹೋದ ಹಳೇ ನಾಟಕಗಳ ಸಂಗ್ರಹವಿತ್ತು, ಲ್ಯಾಂಬ್ ಹೇಳುವ ಪ್ರಕಾರ ಎರಡು ಸಾವಿರ. ಅದನ್ನೆಲ್ಲ ಓದಲು ಲ್ಯಾಂಬ್ ದಿನಾ ಅಲ್ಲಿಗೆ ಹೋಗತೊಡಗಿದ. ಹತ್ತರಿಂದ ನಾಲ್ಕರವರೆಗೆ! ಆಫೀಸಿನ ಅದೇ ಹೊತ್ತು. ಇದೂ ಒಂಥರಾ ಆಫೀಸೇ, ಇದರಿಂದ ನನಗೆ ಒಳ್ಳೆಯದಾಗುತ್ತಿದೆ, ರೂಢಿಯಾದವನಿಗೆ ನಿಗದಿಯಾದ ಕೆಲಸ ಬೇಕೇ ಬೇಕು ಎಂದು ಬರೆದ. ಆರಿಸಿದ ಭಾಗಗಳು ಮರುವರ್ಷ ಗೆಳೆಯ ವಿಲಿಯಂ ಹೋನ್‌ನ ಪತ್ರಿಕೆಯಲ್ಲಿ ಬಂದವು. 'ಏನೂ ಮಾಡಬೇಡ' ಎಂದು ಮಗನಿಗೆ ಹೆಸರಿಡಲು ಹೊರಟಿದ್ದವನು ತನಗೆ ತಾನೇ ಹಾಜರಿ ಹಾಕಿಕೊಂಡು ಕೂತ.

ಮೂರನೆಯದು 1829ರ ಜುಲೈನದು. ಓದಿದರೆ ಸಂಕಟವಾಗುತ್ತದೆ. ಅಷ್ಟು ಹೊತ್ತಿಗೆ ಅವನು ಲಂಡನ್ ಬಿಟ್ಟು ಎನ್‌ಫೀಲ್ಡ್ ಎಂಬ ಊರಿನಲ್ಲಿದ್ದ. ಕೆಲಸ ಜಾಸ್ತಿ ಎಂದು ಗೊಣಗಿದ ಬಾರ್ಟನ್‌ಗೆ ಹೇಳುತ್ತಾನೆ: ಪಾಪ ಅನಿಸುತ್ತದೆ, ಆದರೆ ಕೆಲಸವೇ ಇಲ್ಲದಿರುವುದು ಅದಕ್ಕಿಂತ ಕೆಟ್ಟದ್ದು. ಮನಸ್ಸು ತನ್ನನ್ನೇ ತಿನ್ನತೊಡಗುತ್ತದೆ. ಎಷ್ಟು ಸಮಯ ಇದ್ದರೂ ಸಾಲದು ಎಂದು ಹಿಂದೆ ಜಂಬ ಕೊಚ್ಚಿದ್ದೆ, ಈಗ ಅಜೀರ್ಣವಾಗಿದೆ. ನಡೆಯುತ್ತೇನೆ, ಅತಿಯಾಗಿಯೇ ನಡೆಯುತ್ತೇನೆ, ಆದರೂ ಈ ಬೇಸಿಗೆಯ ಹಗಲುಗಳು ಮುಗಿಯುವುದೇ ಇಲ್ಲ. ಲಂಡನ್ನಿಗೆ ಹೋಗಿ ನೋಡಿದೆ, ಬೀದಿಗಳು ಇವೆ, ಅಂಗಡಿಗಳು ಇವೆ, ಗೆಳೆಯರು ಇಲ್ಲ.

ಹಾಗಾದರೆ ಪ್ರಬಂಧ ಸುಳ್ಳೇ? ಅಲ್ಲ. ಎರಡೂ ನಿಜ, ನಾಲ್ಕು ವರ್ಷದ ಅಂತರದಲ್ಲಿ. ಈ ನಾಲ್ಕು ವರ್ಷದಲ್ಲಿ ಏನಾಯಿತು ಅನ್ನುವುದರಲ್ಲೇ ನಿಮಗೆ ಬೇಕಾದ್ದು ಇದೆ.

ಅದಕ್ಕೆ ಇನ್ನೊಂದು ಮಾತು ಗೊತ್ತಿರಬೇಕು. ಲ್ಯಾಂಬ್ ಅಂದರೆ ಸಾಧು, ಸದಾ ನಗುವ ಮನುಷ್ಯ ಅನ್ನುವ ಚಿತ್ರ ಅವನು ಬದುಕಿದ್ದಾಗಲೇ ಶುರುವಾಗಿತ್ತು. ಗೆಳೆಯ ಕೋಲ್‌ರಿಜ್ ಕವಿತೆಯಲ್ಲಿ ಅವನನ್ನು ಮೃದು ಹೃದಯದವನು ಎಂದು ಕರೆದಾಗ ಲ್ಯಾಂಬ್‌ಗೆ ಸಿಟ್ಟೇ ಬಂತು, ಆ ಮಾತು ತೆಗೆಯಲು ಹೇಳಿದ. ಅವನ ಬದುಕು ನಿಜವಾಗಿ ಹೇಗಿತ್ತು ನೋಡಿ. 1796ರ ಸೆಪ್ಟೆಂಬರ್ 22ರಂದು ಅಕ್ಕ ಮೇರಿ, ಮನಸ್ಸಿನ ಕಾಯಿಲೆಯ ಉಲ್ಬಣದಲ್ಲಿ, ತಾಯಿಯನ್ನೇ ಚೂರಿಯಿಂದ ಇರಿದು ಕೊಂದಳು. ಅವನಿಗೆ 21 ವರ್ಷ. ಅದಕ್ಕೆ ಕೆಲವೇ ತಿಂಗಳ ಹಿಂದೆ ಅವನೇ ಆರು ವಾರ ಮಾನಸಿಕ ಆಸ್ಪತ್ರೆಯಲ್ಲಿ ಇದ್ದು ಬಂದಿದ್ದ. ಅಕ್ಕನನ್ನು ಬದುಕಿಡೀ ಆಸ್ಪತ್ರೆಯಲ್ಲಿ ಬಿಡಲು ಒಪ್ಪದೆ ತಾನೇ ಜವಾಬ್ದಾರಿ ಹೊತ್ತು, ಕೊನೆಯವರೆಗೂ ಜೊತೆಗಿಟ್ಟುಕೊಂಡ. ಮದುವೆ ಆಗಲಿಲ್ಲ. ಕಾಯಿಲೆ ಮರುಕಳಿಸುವ ಸೂಚನೆ ಕಂಡಾಗ ಅಕ್ಕ ತಮ್ಮ ಇಬ್ಬರೂ ಅಳುತ್ತಾ ಆಸ್ಪತ್ರೆಯ ಕಡೆ ನಡೆದು ಹೋಗುತ್ತಿದ್ದದ್ದನ್ನು ಗೆಳೆಯರು ಕಂಡಿದ್ದಾರೆ. ಮಕ್ಕಳಿಗಾಗಿ ಶೇಕ್ಸ್‌ಪಿಯರ್ ನಾಟಕಗಳನ್ನು ಕತೆ ಮಾಡಿದ 1807ರ ಆ ಪ್ರಸಿದ್ಧ ಪುಸ್ತಕವನ್ನು ಇಬ್ಬರೂ ಸೇರಿ ಬರೆದರು. ಹೆಚ್ಚಿನ ಕತೆಗಳು ಮೇರಿಯವು.

ಅಂದರೆ ಆ ಮೇಜು, ಹತ್ತರಿಂದ ನಾಲ್ಕರ ಆ ಹೊತ್ತು ಅವನಿಗೆ ಬರೀ ಸಂಬಳದ ಮಾತಾಗಿರಲಿಲ್ಲ. ಮನೆಯಲ್ಲಿ ಏನೇ ಆಗಲಿ, ನಾಳೆ ಬೆಳಿಗ್ಗೆ ಹೋಗಲು ಒಂದು ಜಾಗ ಇತ್ತು. ವಾರಕ್ಕೊಂದು ಸಂಜೆ ಮನೆಯ ಬಾಗಿಲು ಗೆಳೆಯರಿಗೆ ತೆರೆದಿರುತ್ತಿತ್ತು, ಇಸ್ಪೀಟು, ಊಟ, ಜಗಳ ಎಲ್ಲ. ಹೊರಗೆ ಬಂದರೆ ಲಂಡನ್ನಿನ ಜನಸಂದಣಿ. 1801ರಲ್ಲಿ ಕವಿ ವರ್ಡ್ಸ್‌ವರ್ತ್ ತನ್ನ ಬೆಟ್ಟಗಳ ಊರಿಗೆ ಕರೆದಾಗ, ಜೀವಮಾನದಲ್ಲಿ ಬೆಟ್ಟ ನೋಡದಿದ್ದರೂ ನನಗೇನೂ ಇಲ್ಲ, ಈ ಬೀದಿಗಳಲ್ಲಿ ಇಷ್ಟು ಜೀವ ಕಂಡು ಕಣ್ಣೀರು ಬರುತ್ತದೆ ಎಂದು ಬರೆದವನು ಅವನು. ರಿಟೈರ್ ಆದಾಗ ಈ ಮೂರರಲ್ಲಿ ಒಂದು ಹೋಯಿತು. 1827ರಲ್ಲಿ ಎನ್‌ಫೀಲ್ಡಿಗೆ ಹೋದಾಗ, ಮುಖ್ಯವಾಗಿ ಮೇರಿಯ ಆರೋಗ್ಯಕ್ಕಾಗಿ, ಉಳಿದೆರಡೂ ಕೈಬಿಟ್ಟವು. ಮ್ಯೂಸಿಯಂ ದೂರ, ಗೆಳೆಯರು ದೂರ. ಮೇರಿಯ ಕಾಯಿಲೆ ಪದೇ ಪದೇ ಬರತೊಡಗಿತು. ಕುಡಿತ ಮೊದಲಿಂದಲೂ ಇತ್ತು. ನನ್ನ ಅಭಿಪ್ರಾಯದಲ್ಲಿ ಅವನನ್ನು ಹಣ್ಣು ಮಾಡಿದ್ದು ಪಿಂಚಣಿಯಲ್ಲ, ಊರು ಬಿಟ್ಟದ್ದು.

ನಿಮ್ಮ ಪ್ರಶ್ನೆಗಳಿಗೆ ಬರೋಣ. ಬೆಂಗಳೂರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ಅಪಾಯ ಇರುವುದು ಅಲ್ಲಿ. ಮಗ ಪ್ರೀತಿಯಿಂದಲೇ ಕರೆದಿದ್ದಾನೆ. ಆದರೆ ಕೆಲಸ ಹೋದ ವರ್ಷವೇ ಊರನ್ನೂ ಕಳೆದುಕೊಳ್ಳಬೇಡಿ. ಚಿತ್ರದುರ್ಗದಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವ ಹಾಲಿನವರು, ದಿನಸಿ ಅಂಗಡಿಯವರು, ವಾಕಿಂಗ್ ಗೆಳೆಯರು ಇದ್ದಾರೆ. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಅದೆಲ್ಲ ಮತ್ತೆ ಒಂದರಿಂದ ಶುರು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲು ನಿಮ್ಮ ಪಾಲಿಗೆ. ಕೆಲವರಿಗೆ ಅದು ಒಗ್ಗುತ್ತದೆ, ಮೊಮ್ಮಕ್ಕಳಿದ್ದರಂತೂ ಇನ್ನೂ ಚೆನ್ನ. ಹೋಗಿ, ಎರಡು ಮೂರು ತಿಂಗಳು ಇದ್ದು ಬನ್ನಿ. ಮನೆಯನ್ನು ಮಾತ್ರ ಈಗಲೇ ಬಾಡಿಗೆಗೆ ಕೊಡಬೇಡಿ. ಬಾಡಿಗೆ ನಷ್ಟವಾಗುತ್ತದೆ, ಹೌದು. ವಾಪಸು ಬರಲು ಒಂದು ಬಾಗಿಲು ಇರುತ್ತದೆ.

ಸಹಕಾರ ಸಂಘದ ಕೆಲಸ ಸೇರಬಹುದು, ನನಗೇನೂ ತಕರಾರಿಲ್ಲ. 'ರಿಟೈರ್ ಆದ ಮೇಲೂ ಯಾಕ್ರೀ ದುಡಿಮೆ?' ಎಂದು ಕೇಳುವವರು ಇರುತ್ತಾರೆ. ಲ್ಯಾಂಬ್‌ನ ಮ್ಯೂಸಿಯಂ ಪತ್ರ ಅವರಿಗೆ ಉತ್ತರ. ಆದರೆ ಅವನ ಮ್ಯೂಸಿಯಂ ಕೆಲಸಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಹೊತ್ತು ಅವನೇ ಆರಿಸಿದ್ದು, ಬೇಡವಾದರೆ ಬಿಡಬಹುದಿತ್ತು, ತಪ್ಪಿಗೆ ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ಸಂಘದಲ್ಲಿ ಹಾಗಲ್ಲ. ನಿಮ್ಮ ಸಹಿ ಬಿದ್ದ ಲೆಕ್ಕಕ್ಕೆ ನೀವು ಹೊಣೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇಂತಿಷ್ಟೇ ಗಂಟೆ, ಇಂತಿಷ್ಟೇ ದಿನ, ಯಾವುದಕ್ಕೆ ಹೊಣೆ ಯಾವುದಕ್ಕಲ್ಲ ಎಂದು ಮೊದಲೇ ಬರೆಸಿಕೊಳ್ಳಿ. ತಪ್ಪು ನಮೂದಿನ ಕನಸು ನಿಮಗೂ ಬೀಳುತ್ತಿತ್ತಾದರೆ, ಮತ್ತೆ ಅದಕ್ಕೇ ದುಡ್ಡು ತೆಗೆದುಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಇನ್ನೊಂದು ದಾರಿ ಸಂಬಳವಿಲ್ಲದ ಕೆಲಸ, ಆದರೆ ಹೊತ್ತು ಗೊತ್ತು ಇರುವಂಥದ್ದು. ಊರಿನ ಗ್ರಂಥಾಲಯದಲ್ಲಿ ದಿನಕ್ಕೆ ಮೂರು ಗಂಟೆ ಒಂದೇ ವಿಷಯ ಹಿಡಿದು ಓದುವುದು. ನಿಮ್ಮ ಕೋಟೆಯ ಮೇಲೆ, ಪಾಳೆಯಗಾರರ ಮೇಲೆ ಬಂದಿರುವುದನ್ನೆಲ್ಲ ಓದಿ ಮುಗಿಸುತ್ತೇನೆ ಎಂದು ಹೊರಟರೂ ಸಾಕು. ನಾನು ಕಂಡಂತೆ ಇದರಲ್ಲಿ ತೊಡಕು ಒಂದೇ. ಮೂರನೇ ವಾರಕ್ಕೆ ಆಲಸ್ಯ ಬರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಜೊತೆಗೆ ಒಬ್ಬರಿದ್ದರೆ ನಿಲ್ಲುತ್ತದೆ.

ಬರವಣಿಗೆ ಬಗ್ಗೆ ಮಾತ್ರ ಸ್ವಲ್ಪ ಒರಟಾಗಿ ಹೇಳುತ್ತೇನೆ. ಸಮಯ ಸಿಕ್ಕರೆ ಬರೆಯುತ್ತೇನೆ ಅನ್ನುವುದು ನಂಬಿಕೆ ಅಷ್ಟೇ. ಇಲಿಯಾ ಎಂಬ ಹೆಸರಿನಲ್ಲಿ ಲ್ಯಾಂಬ್ ಬರೆದ ಪ್ರಬಂಧಗಳಲ್ಲಿ ಹೆಚ್ಚಿನವು 1820ರಿಂದ 1825ರೊಳಗೆ ಬಂದವು. ಅಂದರೆ ಹಗಲಿಡೀ ಲೆಡ್ಜರ್ ಬರೆದು ದಣಿದ ವರ್ಷಗಳಲ್ಲಿ. ಬಿಡುವು ಬಂದ ಮೇಲೆ ಅವನ ಬರವಣಿಗೆ ಕಡಿಮೆಯಾಯಿತು. ಹಾಗಾಗಿ ಪುಟ ತುಂಬಲಿಲ್ಲ ಎಂದು ಕೊರಗಬೇಡಿ. ಬೇರೆ ಏನಾದರೂ ಹಿಡಿದು ಕೂತರೆ, ಅದರ ಪಕ್ಕದಲ್ಲಿ ಇದೂ ಬರಬಹುದು. ದಿನಕ್ಕೆ ಒಂದು ಪತ್ರ ಬರೆಯಿರಿ ಬೇಕಾದರೆ, ವಾಟ್ಸಾಪಿನಲ್ಲಲ್ಲ.

ಏನೂ ಮಾಡದೆ ಇನ್ನಷ್ಟು ದಿನ ಸುಮ್ಮನಿದ್ದು ನೋಡುವುದೂ ತಪ್ಪಲ್ಲ. ನಾಲ್ಕು ತಿಂಗಳು ಹೆಚ್ಚೇನೂ ಅಲ್ಲ. ಪ್ರಬಂಧದ ಗುಮಾಸ್ತ ಹದಿನೈದು ದಿನದಲ್ಲಿ ಸಮಾಧಾನಗೊಂಡ, ಅದು ಪ್ರಬಂಧದ ವೇಗ. ಆದರೆ ಒಂದು ಗೆರೆ ಹಾಕಿಕೊಳ್ಳಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಸಂಜೆಯ ಗ್ಲಾಸು ಮೊದಲಿಗಿಂತ ಬೇಗ ಬರುತ್ತಿದ್ದರೆ, ಬದುಕೇ ಬೇಡ ಅನಿಸಿದರೆ, ಅದು ಸಾಹಿತ್ಯದ ಮೇಷ್ಟ್ರಿಗೆ ಕೇಳುವ ಪ್ರಶ್ನೆಯಲ್ಲ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ನಿಮ್ಮ ಪತ್ರದಲ್ಲಿ ನಿಮ್ಮ ಮನೆಯವರ ಮಾತೇ ಇಲ್ಲ. ಬಿಡುಗಡೆಯಾದ ಮರುವಾರ ಲ್ಯಾಂಬ್ ವರ್ಡ್ಸ್‌ವರ್ತ್‌ಗೆ ಬರೆದ ಪತ್ರದಲ್ಲಿ ಒಂದು ಸಾಲಿದೆ. ನಮಗೆ ಏನೋ ಒಳ್ಳೆಯದಾಗಿದೆ ಅನ್ನುವ ಮಸುಕಾದ ಭಾವನೆಯಲ್ಲಿ ಮೇರಿ ದಿನಾ ಬೆಳಿಗ್ಗೆ ಏಳುತ್ತಾಳೆ ಎಂದು. ನೀವು ಮನೆಯಲ್ಲಿರುವುದು ನಿಮ್ಮ ಶ್ರೀಮತಿಯವರಿಗೆ ಹೇಗನಿಸುತ್ತಿದೆ? ಬೆಂಗಳೂರು ಅವರಿಗೆ ಬೇಕೇ? ಸಂಘದವರಿಗೆ ಉತ್ತರ ಕೊಡುವ ಮೊದಲು ಅವರನ್ನು ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿದರೆ ಸಂತೋಷ.